ಮೊದಲ ಸಾಲಿನ ಮೇಲೆ ಇಷ್ಟು ಭಾರ ಬೇಡ

ಆಲ್ಬರ್ಟ್ ಕಾಮು ಬರೆದ ‘ದಿ ಪ್ಲೇಗ್’ (1947) ಕಾದಂಬರಿಯಲ್ಲಿ ಜೋಸೆಫ್ ಗ್ರ್ಯಾಂಡ್ ಎಂಬ ಗುಮಾಸ್ತನಿದ್ದಾನೆ. ಓರಾನ್ ಪಟ್ಟಣದ ನಗರಸಭೆಯಲ್ಲಿ ಅವನಿಗೆ ಸಣ್ಣ ಸಂಬಳದ ಕೆಲಸ. ಸಂಜೆ ಮನೆಗೆ ಬಂದವನು ಕಾದಂಬರಿ ಬರೆಯಲು ಕೂರುತ್ತಾನೆ. ವರ್ಷಗಳಿಂದ ಕೂರುತ್ತಲೇ ಇದ್ದಾನೆ, ಕಾದಂಬರಿ ಮಾತ್ರ ಮೊದಲ ವಾಕ್ಯ ದಾಟಿಲ್ಲ. ಕುದುರೆಯ ಮೇಲೆ ಹೋಗುವ ಒಬ್ಬ ಹೆಂಗಸು, ಹೂ ಬಿಟ್ಟ ದಾರಿ, ಮೇ ತಿಂಗಳ ಒಂದು ಬೆಳಗ್ಗೆ. ವಾಕ್ಯದಲ್ಲಿ ಇರುವುದು ಇಷ್ಟೇ. ಒಂದು ವಿಶೇಷಣ ತೆಗೆದು ಇನ್ನೊಂದು ಹಾಕುತ್ತಾನೆ. ಕುದುರೆಯ ಬಣ್ಣ ಸರಿಹೋಗಲಿಲ್ಲವೆಂದು ಮತ್ತೆ ತಿದ್ದುತ್ತಾನೆ. ಹಾಳೆಗಳ ಕಟ್ಟು ದಪ್ಪವಾಗಿದೆ, ಅದರ ತುಂಬ ಅದೇ ಒಂದು ವಾಕ್ಯದ ಬೇರೆ ಬೇರೆ ರೂಪಗಳು. ಪ್ರಕಾಶಕ ಆ ಸಾಲನ್ನು ಓದಿದ ಕೂಡಲೇ ಕುರ್ಚಿಯಿಂದ ಎದ್ದು ನಿಲ್ಲಬೇಕು ಎನ್ನುವುದು ಅವನ ಆಸೆ.

ಕಾಮು ಈ ಮನುಷ್ಯನನ್ನು ಗೇಲಿ ಮಾಡುವುದಿಲ್ಲ. ಪ್ಲೇಗಿನ ದಿನಗಳಲ್ಲಿ ಸದ್ದಿಲ್ಲದೆ ದುಡಿದ ಅವನೇ ಈ ಕಥೆಯ ನಾಯಕನಾಗಲಿ ಎಂದು ನಿರೂಪಕನ ಬಾಯಲ್ಲಿ ಹೇಳಿಸುತ್ತಾನೆ. ಅವನ ಕಷ್ಟ ನನಗೆ ತೀರಾ ಪರಿಚಿತವಾದದ್ದು. ಕಥಾಕಮ್ಮಟಗಳಲ್ಲಿ, ಸಾಹಿತ್ಯ ಶಿಬಿರಗಳಲ್ಲಿ ಹೊಸಬರು ಕೇಳುವ ಪ್ರಶ್ನೆಗಳಲ್ಲಿ ಮೊದಲನೆಯದು ಇದೇ: ‘ಸಾರ್, ಮೊದಲ ಸಾಲಿನಲ್ಲೇ ಓದುಗನನ್ನು ಹಿಡಿದುಬಿಡಬೇಕಂತೆ, ಹೌದಾ?’ ಕೇಳುವವರ ಕೈಯಲ್ಲಿ ಹೆಚ್ಚಿನ ಸಲ ಒಳ್ಳೆಯ ವಸ್ತುವಿರುತ್ತದೆ. ತಾವು ಹುಟ್ಟಿ ಬೆಳೆದ ಊರಿನ ಕಥೆ, ಅಜ್ಜಿಯ ಕಾಲದ ಜಮೀನಿನ ಜಗಳ, ಗಾರ್ಮೆಂಟ್ಸ್ ಕಾರ್ಖಾನೆಯ ಒಂದು ಪಾಳಿ. ಆದರೆ ಮೊದಲ ಸಾಲು ಕುದುರಲಿಲ್ಲ ಎಂಬ ಒಂದೇ ಕಾರಣಕ್ಕೆ ಎರಡನೆಯ ಪುಟ ಹುಟ್ಟಿರುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಆದ್ದರಿಂದ ನನ್ನ ಉತ್ತರವನ್ನು ಇಲ್ಲಿ ಕೊಂಚ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಹಿಡಿಯಲೇಬೇಕು ಎಂಬ ನಿಯಮವೇನೂ ಇಲ್ಲ. ಮೊದಲ ಸಾಲುಗಳ ಮೊದಲ ಕರ್ತವ್ಯ, ಈ ಪುಸ್ತಕವನ್ನು ಯಾವ ನಡಿಗೆಯಲ್ಲಿ, ಯಾವ ಕಿವಿಯಿಂದ ಓದಬೇಕು ಎಂಬುದನ್ನು ತಿಳಿಸುವುದು. ಆ ಕರ್ತವ್ಯ ನೆರವೇರಿದರೆ ಹಿಡಿತ ತಾನಾಗಿ ಬರುತ್ತದೆ, ಕೆಲವೊಮ್ಮೆ ಮೊದಲ ಸಾಲಿಗೆ, ಕೆಲವೊಮ್ಮೆ ನಲವತ್ತನೆಯ ಪುಟಕ್ಕೆ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಹೇಗೆ ಶುರುವಾಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎನ್ನುವುದೇ ಇಡೀ ಕಾದಂಬರಿಯ ಗಂಟು. ಈಗಿನ ಸಲಹೆಯನ್ನು ಪಾಲಿಸುವ ಲೇಖಕನಾಗಿದ್ದರೆ ಆ ಹೆಣವನ್ನು ಎತ್ತಿ ತಂದು ಮೊದಲ ವಾಕ್ಯದಲ್ಲೇ ಮಲಗಿಸುತ್ತಿದ್ದ. ಅನಂತಮೂರ್ತಿ ಹಾಗೆ ಮಾಡಲಿಲ್ಲ. ನಾವು ಮೊದಲು ಕಾಣುವುದು ಪ್ರಾಣೇಶಾಚಾರ್ಯರು ಕಾಯಿಲೆಯ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುವುದನ್ನು. ಬತ್ತಿಹೋದ ಮೈ, ಅದಕ್ಕೆ ನೀರು, ಆಮೇಲೆ ಪೂಜೆ, ಆಮೇಲೆ ಅವಳ ಊಟೋಪಚಾರ. ವರ್ಷಗಳಿಂದ ಒಂದು ದಿನವೂ ತಪ್ಪದ ಕ್ರಮ. ಅಷ್ಟಾದ ಮೇಲೆ ಅಂಗಳದಲ್ಲಿ ನಾರಣಪ್ಪನ ಸಂಗಾತಿ ಚಂದ್ರಿ ಕಾಣಿಸುತ್ತಾಳೆ, ಸಾವಿನ ಸುದ್ದಿ ಬರುತ್ತದೆ.

ಈ ಕ್ರಮವನ್ನು ಅದಲುಬದಲು ಮಾಡಿ ನೋಡಿ. ಹೆಣ ಮೊದಲು ಬಂದು ಸ್ನಾನ ಆಮೇಲೆ ಬಂದಿದ್ದರೆ, ಸ್ನಾನದ ವಿವರವನ್ನು ನಾವು ಅವಸರದಲ್ಲಿ ದಾಟಿಬಿಡುತ್ತಿದ್ದೆವು. ಮನಸ್ಸು ಹೆಣದ ಹಿಂದೆ ಓಡುತ್ತಿತ್ತು. ಆದರೆ ಕಾದಂಬರಿಯ ಜೀವ ಇರುವುದು ಆಚಾರ್ಯರ ಆ ಕೈಗಳಲ್ಲಿ. ಹೆಂಡತಿಯ ಮೈಯನ್ನು ದಿನವೂ ಮುಟ್ಟುತ್ತಿದ್ದರೂ ಅದನ್ನು ಕರ್ತವ್ಯವಾಗಿ, ಮೋಕ್ಷದ ಮೆಟ್ಟಿಲಾಗಿ ಮಾತ್ರ ಕಂಡ ಮನುಷ್ಯ ಅವರು. ಮುಂದೆ ಕಾಡಿನ ಕತ್ತಲಲ್ಲಿ ಚಂದ್ರಿಯ ಮೈ ತಾಗಿದಾಗ ಅವರೊಳಗೆ ಏನು ಕುಸಿಯಿತು ಎಂದು ನಮಗೆ ಅರ್ಥವಾಗುವುದು ಆ ಮೊದಲ ಸ್ನಾನ ನೆನಪಿರುವುದರಿಂದ. ಭಾಗೀರಥಿಯೂ ಪ್ಲೇಗಿಗೆ ತುತ್ತಾದ ಮೇಲೆ ಆ ದಿನಚರಿಯ ಜಾಗದಲ್ಲಿ ಉಳಿಯುವ ಖಾಲಿತನ ನಮ್ಮನ್ನು ಕಲಕುವುದೂ ಅದೇ ಕಾರಣಕ್ಕೆ. ಮೊದಲ ಪುಟದಲ್ಲಿ ‘ಏನೂ ಆಗುತ್ತಿಲ್ಲ’ ಎಂದು ಕಂಡದ್ದೆಲ್ಲ ಕಾದಂಬರಿಯ ಅಡಿಪಾಯವಾಗಿತ್ತು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇನ್ನೊಂದು ಬಗೆ. ಹಾರುವ ಓತಿಯ ಬೆನ್ನು ಹತ್ತಿ ಪಶ್ಚಿಮಘಟ್ಟದ ಕಾಡಿನೊಳಕ್ಕೆ ಹೋಗುವ ಈ ಕಾದಂಬರಿ ಶುರುವಾಗುವುದು ಜೇನುತುಪ್ಪದ ವ್ಯವಹಾರದಿಂದ, ಮೂಡಿಗೆರೆಯ ಜೇನು ಸೊಸೈಟಿಯಿಂದ. ಕೋಟ್ಯಂತರ ವರ್ಷಗಳ ಜೀವವಿಕಾಸದ ರಹಸ್ಯವನ್ನು ಮುಟ್ಟಲು ಹೊರಟ ಪುಸ್ತಕಕ್ಕೆ ಇದೆಂಥ ಬಾಗಿಲು ಎಂದು ಮೊದಲ ಓದಿಗೆ ಅನ್ನಿಸಬಹುದು. ಆದರೆ ಜೇನಿಲ್ಲದೆ ಮಂದಣ್ಣನಿಲ್ಲ. ಮಂದಣ್ಣನಿಲ್ಲದೆ ಓತಿಯೂ ಇಲ್ಲ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ, ಒಂದು ನೌಕರಿ ಒಂದು ಮದುವೆ ಎಂದು ಒದ್ದಾಡುವ ಈ ಹುಡುಗನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಕಾಣುತ್ತಾರೆ. ಆ ನೋಟವೇ ಕಾದಂಬರಿಯ ತಿರುಳು. ಓತಿಯನ್ನು ಮೊದಲ ಸಾಲಿನಲ್ಲೇ ಹಾರಿಸಿದ್ದರೆ ಮಂದಣ್ಣ ಅದರ ದಾರಿ ತೋರಿಸುವ ಆಳಾಗಿ ಉಳಿದುಬಿಡುತ್ತಿದ್ದ. ದಿನನಿತ್ಯದ ಸಣ್ಣ ವ್ಯವಹಾರದ ಪಕ್ಕದಲ್ಲೇ ವಿಸ್ಮಯ ಕೂತಿರುತ್ತದೆ ಎಂದು ತೇಜಸ್ವಿ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ, ಆರಂಭವೇ ಹೇಳಿಬಿಡುತ್ತದೆ.

ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಕೈಗೆತ್ತಿಕೊಂಡವರಿಗೆ ಮಹಾಭಾರತದ ಕಥೆ ಮೊದಲೇ ಗೊತ್ತಿರುತ್ತದೆ. ಹಸ್ತಿನಾವತಿಯೋ ಕುರುಕ್ಷೇತ್ರವೋ ಎದುರಾಗಬಹುದೆಂದು ಪುಟ ತೆರೆದರೆ ಸಿಗುವುದು ದೂರದ ಮದ್ರದೇಶ, ಅಲ್ಲಿನ ಮುದಿ ರಾಜ ಶಲ್ಯ. ಅವನ ತಲೆಯಲ್ಲಿರುವುದು ಮೊಮ್ಮಗಳ ಮದುವೆಯ ಚಿಂತೆ, ಕನ್ಯಾಶುಲ್ಕ ತೆಗೆದುಕೊಳ್ಳುವ ತಮ್ಮ ಕಡೆಯ ಪದ್ಧತಿಯ ಚಿಂತೆ. ಯುದ್ಧದ ಸುದ್ದಿ ಹೊರಗಿನಿಂದ ತೇಲಿ ಬರುತ್ತದೆ. ದೇವರು, ವರ, ಶಾಪಗಳನ್ನೆಲ್ಲ ಕಳಚಿಟ್ಟು ಕುಲಾಚಾರ, ಹೆಣ್ಣು, ವಯಸ್ಸು, ಸಾವು ಇವುಗಳ ಮಟ್ಟಕ್ಕೆ ಮಹಾಭಾರತವನ್ನು ಇಳಿಸಿ ನೋಡುತ್ತೇನೆ ಎಂಬ ಸೂಚನೆಯನ್ನು ಲೇಖಕರು ಆ ಮುದುಕನ ಮನೆಯಲ್ಲೇ ಕೊಟ್ಟಿದ್ದಾರೆ. ಕೃಷ್ಣನ ಪ್ರವೇಶದಿಂದ ಶುರುವಾಗಿದ್ದರೆ ನಾವು ಹಳೆಯ ಭಕ್ತಿಯ ಕಣ್ಣಿನಿಂದಲೇ ಓದಲು ತೊಡಗುತ್ತಿದ್ದೆವು.

ಹಾಗಾದರೆ ‘ಮೊದಲ ಸಾಲಿನಲ್ಲೇ ಹಿಡಿ’ ಎಂಬ ಮಾತು ಎಲ್ಲಿಂದ ಬಂತು? ಅದರ ಬಹುಪಾಲು ಇಂಗ್ಲಿಷ್ ಪ್ರಕಾಶನ ಲೋಕದ ಕಚೇರಿಗಳಿಂದ ಬಂದದ್ದು. ಅಮೆರಿಕ, ಇಂಗ್ಲೆಂಡುಗಳಲ್ಲಿ ಹೊಸ ಲೇಖಕನ ಹಸ್ತಪ್ರತಿ ದೊಡ್ಡ ಪ್ರಕಾಶಕರನ್ನು ತಲುಪಬೇಕಾದರೆ ನಡುವೆ ಸಾಹಿತ್ಯ ಏಜೆಂಟರನ್ನು ದಾಟಬೇಕು. ಏಜೆಂಟರು ಕೇಳುವುದು ಒಂದು ಪತ್ರ, ಜೊತೆಗೆ ಕಾದಂಬರಿಯ ಮೊದಲ ಕೆಲವು ಪುಟಗಳು. ಅವರ ಮೇಜಿನ ಮೇಲೆ ಅಂಥ ಪುಟಗಳ ರಾಶಿ. ಬೇಡವೆನ್ನಲು ಕಾರಣ ಹುಡುಕುತ್ತಲೇ ಓದುವ ದಣಿದ ಕಣ್ಣಿಗೆ ಮೊದಲ ಸಾಲು ಚುಚ್ಚಬೇಕು ಎನ್ನುವುದು ಅಲ್ಲಿ ವ್ಯವಹಾರದ ಜಾಣತನ. ಬರವಣಿಗೆ ಕಲಿಸುವ ಪುಸ್ತಕಗಳು ಆ ಜಾಣತನವನ್ನು ಕಲೆಯ ನಿಯಮವೆಂಬಂತೆ ಬರೆದವು, ನಮ್ಮ ಹುಡುಗರು ಅದನ್ನು ಮೊಬೈಲಿನಲ್ಲಿ ಓದಿ ವೇದವಾಕ್ಯವೆಂದುಕೊಂಡರು. ಜಗತ್ತಿನ ಹತ್ತು ಶ್ರೇಷ್ಠ ಮೊದಲ ಸಾಲುಗಳು ಎಂಬಂಥ ಪಟ್ಟಿಗಳೂ ಇದಕ್ಕೆ ನೀರೆರೆದಿವೆ. ಹರ್ಮನ್ ಮೆಲ್ವಿಲ್ಲನ ‘ಮೋಬಿ ಡಿಕ್’ (1851) ಅಂಥ ಪಟ್ಟಿಗಳಲ್ಲಿ ತಪ್ಪುವುದಿಲ್ಲ. ಆದರೆ ಅದರ ಕಥೆ ಶುರುವಾಗುವ ಮೂರು ಪದಗಳ ಪ್ರಸಿದ್ಧ ಸಾಲಿಗೆ ಮುಂಚೆ, ಪುಸ್ತಕದ ನಿಜವಾದ ಮೊದಲ ಪುಟಗಳಲ್ಲಿ, ತಿಮಿಂಗಿಲ ಎಂಬ ಪದದ ವ್ಯುತ್ಪತ್ತಿಯೂ ಬೇರೆ ಬೇರೆ ಗ್ರಂಥಗಳಿಂದ ಹೆಕ್ಕಿದ ಹತ್ತಾರು ಉಲ್ಲೇಖಗಳೂ ಸಾಲಾಗಿ ನಿಂತಿವೆ. ಓದುಗನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಉದಾಹರಣೆಯಾಗಿ ಎಲ್ಲರೂ ತೋರಿಸುವ ಕಾದಂಬರಿ ಓದುಗನನ್ನು ಮೊದಲು ಗ್ರಂಥಾಲಯದಲ್ಲಿ ಕೂರಿಸಿ ಕಾಯಿಸುತ್ತದೆ.

ಕನ್ನಡದ ಸ್ಥಿತಿ ಬೇರೆ. ನಮ್ಮಲ್ಲಿ ಏಜೆಂಟರ ವ್ಯವಸ್ಥೆ ಬೆಳೆದಿಲ್ಲ. ಲೇಖಕ ಪ್ರಕಾಶಕರಿಗೆ ಇಡೀ ಹಸ್ತಪ್ರತಿಯನ್ನೇ ಕಳಿಸುತ್ತಾನೆ, ಅದನ್ನು ಓದುವವರೂ ಸಾಮಾನ್ಯವಾಗಿ ಸಾಹಿತ್ಯದ ನಂಟಿರುವವರೇ. ಇನ್ನು ಓದುಗರು. ಕನ್ನಡದ ಓದುಗ ಅಂಗಡಿಯಲ್ಲಿ ನಿಂತು ಮೊದಲ ಸಾಲು ನೋಡಿ ಕಾದಂಬರಿ ಕೊಳ್ಳುವುದು ಅಪರೂಪ. ಲೇಖಕರ ಹೆಸರು ಕೇಳಿ ಬರುತ್ತಾನೆ. ಭಾನುವಾರದ ಪುರವಣಿಯಲ್ಲಿ ವಿಮರ್ಶೆ ಓದಿರುತ್ತಾನೆ, ಮೇಷ್ಟರು ಹೇಳಿರುತ್ತಾರೆ, ಗೆಳತಿಯ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಮುಖಪುಟ ಕಂಡಿರುತ್ತದೆ. ಪುಸ್ತಕ ಮನೆಗೆ ಬರುವ ಹೊತ್ತಿಗೆ ಅವನು ಅರ್ಧ ಒಲಿದಿರುತ್ತಾನೆ. ಅಂಥ ಓದುಗನ ಮೇಲೆ ಮೊದಲ ಸಾಲಿನಲ್ಲೇ ಮುಗಿಬೀಳುವ ಅಗತ್ಯವೇನಿದೆ? ಇ-ಪುಸ್ತಕದ ಆ್ಯಪುಗಳಲ್ಲಿ ಮೊದಲ ಕೆಲವು ಪುಟಗಳನ್ನು ಪುಕ್ಕಟೆ ಓದಲು ಬಿಡುವ ಪದ್ಧತಿ ಬಂದಮೇಲೆ ಪರಿಸ್ಥಿತಿ ಸ್ವಲ್ಪ ಬದಲಾಗಿದೆ ಎನ್ನುವುದು ನಿಜ. ಅಲ್ಲಿಯೂ ಓದುಗನಿಗೆ ಸಿಗುವುದು ಪುಟಗಳು, ಒಂದು ವಾಕ್ಯವಲ್ಲ.

ಮೊದಲ ಪುಟಗಳನ್ನು ನೋಡಿ ಕೊಡುವ ತೀರ್ಪು ಎಷ್ಟು ಕೈಕೊಡುತ್ತದೆ ಎಂಬುದಕ್ಕೆ ಮಾರ್ಸೆಲ್ ಪ್ರೂಸ್ತ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅವನ ಮಹಾಕಾದಂಬರಿಯ ಮೊದಲ ಸಂಪುಟದ ಹಸ್ತಪ್ರತಿಯನ್ನು ಪ್ಯಾರಿಸ್ಸಿನ ಪ್ರಕಾಶಕರು ಒಬ್ಬರ ಹಿಂದೊಬ್ಬರು ತಿರಸ್ಕರಿಸಿದರು. ಓಲೆಂಡಾರ್ಫ್ ಸಂಸ್ಥೆಯ ಮುಖ್ಯಸ್ಥ, ನಿದ್ದೆ ಬರುವ ಮುಂಚೆ ಒಬ್ಬ ಹಾಸಿಗೆಯಲ್ಲಿ ಹೊರಳಾಡುವುದನ್ನು ಹೇಳಲು ಮೂವತ್ತು ಪುಟ ಯಾಕೆ ಬೇಕು ಎಂದು ಕೇಳಿ ಕಾಗದ ಬರೆದ. ಆಂದ್ರೆ ಜೀದ್ ಇದ್ದ ಸಂಸ್ಥೆಯೂ ಬೇಡವೆಂದಿತು. ಕೊನೆಗೆ ಪ್ರೂಸ್ತ್ ಸ್ವಂತ ಖರ್ಚಿನಲ್ಲಿ 1913ರಲ್ಲಿ ಗ್ರಾಸೆ ಪ್ರಕಾಶನದ ಮೂಲಕ ಅಚ್ಚು ಹಾಕಿಸಿದ. ಮರುವರ್ಷ ಜೀದ್, ತನ್ನ ಬದುಕಿನಲ್ಲಿ ಇಷ್ಟು ಪಶ್ಚಾತ್ತಾಪಪಟ್ಟ ಸಂಗತಿ ಕಡಿಮೆ ಎಂಬರ್ಥದ ಕಾಗದ ಬರೆದು ಕ್ಷಮೆ ಕೇಳಿದ. ಆ ಹಾಸಿಗೆಯ ಹೊರಳಾಟವಿಲ್ಲದೆ ಏಳು ಸಂಪುಟಗಳ ನೆನಪಿನ ಲೋಕಕ್ಕೆ ಪ್ರವೇಶವೇ ಇರಲಿಲ್ಲ. ಎಚ್ಚರ ಮತ್ತು ನಿದ್ದೆಯ ನಡುವೆ ತಾನು ಯಾವ ಕೋಣೆಯಲ್ಲಿದ್ದೇನೆ ಎಂದು ತಿಳಿಯದೆ ತಡಕಾಡುವ ಆ ಸ್ಥಿತಿಯಲ್ಲೇ ಇಡೀ ಕಾದಂಬರಿ ಅಡಗಿದೆ.

ಉಂಬೆರ್ತೊ ಎಕೊ ಇನ್ನೂ ಮುಂದೆ ಹೋದ. ‘ದಿ ನೇಮ್ ಆಫ್ ದಿ ರೋಸ್’ (1980) ಅಚ್ಚಿಗೆ ಹೋಗುವ ಮುಂಚೆ, ಮೊದಲ ನೂರು ಪುಟ ಬಹಳ ಕಷ್ಟವಾಗಿವೆ, ಕಡಿಮೆ ಮಾಡು ಎಂದು ಸ್ನೇಹಿತರೂ ಸಂಪಾದಕರೂ ಹೇಳಿದರಂತೆ. ಎಕೊ ಒಪ್ಪಲಿಲ್ಲ. ಮಠದೊಳಗೆ ಏಳು ದಿನ ಇರಲು ಬರುವವನು ಮಠದ ಲಯವನ್ನು ಒಪ್ಪಿಕೊಳ್ಳಬೇಕು, ಅದಾಗದವನು ಬೆಟ್ಟದ ಬುಡದಲ್ಲೇ ಉಳಿಯಲಿ ಎನ್ನುವುದು ಅವನ ನಿಲುವಾಗಿತ್ತು. ಹೀಗೆ ಓದುಗರನ್ನು ಪರೀಕ್ಷೆಗೆ ಒಡ್ಡಿದ ಆ ಕಾದಂಬರಿ ಜಗತ್ತಿನ ಹತ್ತಾರು ಭಾಷೆಗಳಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ನಾನು ಎಲ್ಲರಿಗೂ ಎಕೊನ ದಾರಿ ಸೂಚಿಸುವುದಿಲ್ಲ. ಓದುಗ ಅವಸರದವನು ಎಂಬ ನಂಬಿಕೆ ಮಾತ್ರ ಪೂರ್ತಿ ನಿಜವಲ್ಲ.

ಚಾರ್ಲ್ಸ್ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ಕಥೆ ಇಲ್ಲಿ ಹೇಳಲೇಬೇಕು. 1836ರಲ್ಲಿ ತಿಂಗಳ ಕಂತುಗಳಾಗಿ ಹೊರಡಲು ಶುರುವಾದ ಈ ಕಾದಂಬರಿಯ ಮೊದಲ ಕಂತು ಅಚ್ಚಾದದ್ದು ಸುಮಾರು 1,000 ಪ್ರತಿ. ಮೊದಲ ತಿಂಗಳುಗಳಲ್ಲಿ ಕೇಳುವವರಿರಲಿಲ್ಲ. ನಾಲ್ಕನೆಯ ಕಂತಿನಲ್ಲಿ ಬೂಟು ಒರೆಸುವ ಸ್ಯಾಮ್ ವೆಲ್ಲರ್ ಎಂಬ ಮಾತಿನಮಲ್ಲ ಬಂದ. ಅಲ್ಲಿಂದ ಬೇಡಿಕೆ ಏರುತ್ತಾ ಹೋಗಿ, ಮುಗಿಯುವ ಹೊತ್ತಿಗೆ ಕಂತೊಂದಕ್ಕೆ ಸುಮಾರು 40,000 ಪ್ರತಿ ಹೋಗುತ್ತಿತ್ತು. ಓದುಗರನ್ನು ಹಿಡಿದದ್ದು ಒಬ್ಬ ಮನುಷ್ಯ, ಅವನ ಮಾತು. ಆ ಮನುಷ್ಯ ಬಂದದ್ದು ನಾಲ್ಕನೆಯ ತಿಂಗಳಲ್ಲಿ.

ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳೂ ಇದೇ ಪಾಠ ಹೇಳುತ್ತವೆ. ‘ಸುಧಾ’, ‘ತರಂಗ’, ‘ಪ್ರಜಾಮತ’, ‘ಕರ್ಮವೀರ’ ಮನೆಮನೆಗೆ ಬರುತ್ತಿದ್ದ ದಿನಗಳಲ್ಲಿ ಧಾರಾವಾಹಿಯ ಜಾಣ್ಮೆಯೆಲ್ಲ ಇರುತ್ತಿದ್ದದ್ದು ಕಂತಿನ ಕೊನೆಯಲ್ಲಿ. ಬಾಗಿಲು ಬಡಿದ ಸದ್ದು, ಅಂಚೆಯಣ್ಣ ತಂದ ಕಾಗದ, ಅದರ ಕೆಳಗೆ ‘ಮುಂದುವರಿಯುವುದು’. ಮುಂದಿನ ವಾರದ ಪತ್ರಿಕೆಗಾಗಿ ಅತ್ತೆ ಸೊಸೆ ಇಬ್ಬರೂ ಕಾಯುತ್ತಿದ್ದದ್ದು ಆ ಕೊನೆಯ ಸಾಲಿಗಾಗಿ. ಮೊದಲ ಪುಟದಲ್ಲೇ ಪೆಟ್ಟು ಕೊಡಬೇಕಾದ ಬರಹವೂ ನಮ್ಮಲ್ಲಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು, ಅವರ ಪುರುಷೋತ್ತಮನ ಸಾಹಸಗಳು, ಕನ್ನಡ ಓದುವ ಚಟವನ್ನು ಸಾವಿರಾರು ಜನಕ್ಕೆ ಹತ್ತಿಸಿದವು. ಬಸ್‌ಸ್ಟ್ಯಾಂಡಿನಲ್ಲಿ, ಬಾಡಿಗೆ ಲೈಬ್ರರಿಯಲ್ಲಿ ಕೈಗೆ ಬರುವ ಅಗ್ಗದ ಪುಸ್ತಕಕ್ಕೆ ಅದು ಸಹಜವಾದ ಧರ್ಮ. ಕೊಲೆಯ ಕಥೆಯಲ್ಲಿ ಕೊಲೆ ಬೇಗ ನಡೆಯಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆ ಧರ್ಮವನ್ನು ಎಲ್ಲ ಕಾದಂಬರಿಯ ಮೇಲೂ ಹೇರುವುದಕ್ಕೆ ನನ್ನ ಆಕ್ಷೇಪ.

ಇಷ್ಟು ಹೇಳಿದರೆ, ನಿಧಾನವೇ ನಮ್ಮದು, ಅವಸರ ಪರದೇಶದ್ದು ಎಂದು ಯಾರಾದರೂ ತಿಳಿದುಕೊಳ್ಳಬಹುದು. ಅದೂ ತಪ್ಪು. ಜನ್ನನ ‘ಯಶೋಧರ ಚರಿತೆ’ (1209) ತೆಗೆದು ನೋಡಿ. ಸ್ತುತಿಯ ಪದ್ಯಗಳು ಮುಗಿದು ಕಥೆಗೆ ಬಂದರೆ ಎದುರಾಗುವುದು ಚಂಡಮಾರಿಯ ಗುಡಿ. ಬಲಿ ಕೊಡಲು ನಿಂತ ರಾಜ ಮಾರಿದತ್ತ. ನರಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರು, ಅಭಯರುಚಿ ಮತ್ತು ಅಭಯಮತಿ, ಅಣ್ಣತಂಗಿ. ಸಾವಿನ ಬಾಯಲ್ಲಿ ನಿಂತ ಮಕ್ಕಳ ಮುಖದಲ್ಲಿ ಭಯವೇ ಇಲ್ಲ. ರಾಜನಿಗೆ ಅಚ್ಚರಿಯಾಗುತ್ತದೆ, ಯಾರು ನೀವು ಎಂದು ಕೇಳುತ್ತಾನೆ, ಹುಡುಗ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳಲು ತೊಡಗುತ್ತಾನೆ. ಕಾವ್ಯದ ಮುಖ್ಯ ಕಥೆಯೆಲ್ಲ ಆ ಎತ್ತಿದ ಕತ್ತಿಯ ಕೆಳಗೆ ನಡೆಯುತ್ತದೆ. ಎಂಟು ಶತಮಾನಗಳ ಹಿಂದಿನ ಈ ಆರಂಭಕ್ಕಿಂತ ಬಿಗಿಯಾದದ್ದನ್ನು ಇಂದಿನ ಥ್ರಿಲ್ಲರ್ ಲೇಖಕರು ಯೋಚಿಸಲಿ ನೋಡೋಣ. ಜನ್ನನಿಗಿಂತ ಮುಂಚೆಯೇ ರನ್ನ ‘ಗದಾಯುದ್ಧ’ದಲ್ಲಿ ಭಾರತಯುದ್ಧದ ಕೊನೆಗೆ ಬಂದು ನಿಂತು, ಅಲ್ಲಿಂದ ಹಿಂದಿನದನ್ನೆಲ್ಲ ತಿರುಗಿ ನೋಡಿದ. ಸಿಂಹಾವಲೋಕನ ಕ್ರಮ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದು ಇದನ್ನೇ. ದುರ್ಯೋಧನನ ಕೊನೆಯ ದಿನದ ಭಾರ ಹೇಳಬೇಕಾದ ಕವಿಗೆ ಆದಿಪರ್ವದಿಂದ ಹೊರಡುವ ಅಗತ್ಯವಿರಲಿಲ್ಲ.

ಅಂದರೆ ಬಿಗಿಯಾದ ಆರಂಭ ಜನ್ನನ ವಸ್ತುವಿಗೆ ಬೇಕಿತ್ತು, ಆಚಾರ್ಯರ ಸ್ನಾನ ಅನಂತಮೂರ್ತಿಯವರ ವಸ್ತುವಿಗೆ ಬೇಕಿತ್ತು. ಆಯ್ಕೆ ಮಾಡಿದ್ದು ವಸ್ತು.

ಒಂದು ಸಣ್ಣ ಪ್ರಯೋಗವನ್ನು ನಾನು ಶಿಬಿರಗಳಲ್ಲಿ ಮಾಡಿಸುತ್ತೇನೆ. ವಸ್ತು ಇಷ್ಟು: ಸಣ್ಣ ಊರಿನ ಒಬ್ಬ ದಿನಸಿ ಅಂಗಡಿಯವರು ಸಾಲದ ಸುಳಿಗೆ ಸಿಕ್ಕಿ ಒಂದು ರಾತ್ರಿ ಮನೆ ಬಿಟ್ಟು ಹೋಗುತ್ತಾರೆ, ಮಗಳು ಕಥೆ ಹೇಳುತ್ತಾಳೆ. ಇದಕ್ಕೆ ‘ಹಿಡಿಯುವ’ ಸಾಲು ಬೇಕೆಂದರೆ ಹೀಗೆ ಬರೆಯಬಹುದು: ‘ಅಪ್ಪ ಸತ್ತಿದ್ದಾರೆಂದು ನಾವು ತಿಥಿ ಮಾಡಿದ ಮೂರನೆಯ ವರ್ಷ ಅವರ ಫೋನ್ ಬಂತು.’ ಸಾಲು ಜೋರಾಗಿದೆ. ಆದರೆ ಅದರ ಬೆನ್ನಿಗೇ ಸಾಲ ಹತ್ತಿಕೊಂಡಿತು. ಯಾರು ಫೋನ್ ಮಾಡಿದ್ದು, ಎಲ್ಲಿಂದ, ತಿಥಿ ಮಾಡಿದ್ದು ಯಾಕೆ, ಇದಕ್ಕೆಲ್ಲ ಉತ್ತರ ಕೊಡುವುದರಲ್ಲೇ ಮೊದಲ ಅಧ್ಯಾಯ ಕಳೆಯಬೇಕು. ಅಂಗಡಿಯ ಕಥೆ, ಅಪ್ಪನ ಅವಮಾನದ ಕಥೆ ಬದಿಗೆ ಸರಿಯುತ್ತದೆ. ಈಗ ಇನ್ನೊಂದು: ‘ಅಂಗಡಿಯ ಬಾಗಿಲು ಹಾಕಿ ಬಂದ ಮೇಲೆ ಅಪ್ಪ ಬೀಗದ ಕೈಯನ್ನು ದೇವರ ಗೂಡಿನಲ್ಲಿ ಇಡುತ್ತಿದ್ದರು. ಆ ಗುರುವಾರ ಅದನ್ನು ನನ್ನ ಕೈಗೆ ಕೊಟ್ಟು, ಅಮ್ಮ ಎದ್ದ ಮೇಲೆ ಕೊಡು ಅಂದರು.’ ಇಲ್ಲಿ ಸದ್ದಿಲ್ಲ. ಆದರೆ ಅಂಗಡಿ ಬಂತು, ಮನೆಯ ಕ್ರಮ ಬಂತು, ಆ ಕ್ರಮ ತಪ್ಪಿದ್ದೂ ಬಂತು. ಹೇಳುತ್ತಿರುವವಳಿಗೆ ಅಪ್ಪನ ಚಲನವಲನ ಎಷ್ಟು ಬಾಯಿಪಾಠ ಎಂಬುದೂ ಗೊತ್ತಾಯಿತು. ಶಿಬಿರದಲ್ಲಿ ಮೊದಲ ಸಾಲಿಗೇ ಚಪ್ಪಾಳೆ ಜಾಸ್ತಿ. ಮುಂದಿನ ಐದು ಪುಟ ಬರೆದು ತನ್ನಿ ಎಂದರೆ, ಬರೆಯಲು ಸಾಧ್ಯವಾಗುವುದು ಎರಡನೆಯದನ್ನು ಹಿಡಿದು ಹೊರಟವರಿಗೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಈ ಎರಡನೆಯ ದಾರಿಯ ಒಳ್ಳೆಯ ಮಾದರಿ. ಅದು ಶುರುವಾಗುವುದು ಒಂದು ಕಾಫಿ ಹೌಸ್‌ನಲ್ಲಿ, ವಿನ್ಸೆಂಟ್ ಎಂಬ ಮಾಣಿಯ ಸುತ್ತ. ನಿರೂಪಕ ಸುಮ್ಮನೆ ಕೂತಿದ್ದಾನೆ. ಘಟನೆ ಎಂಬುದಿಲ್ಲ. ಆದರೂ ಕೆಲವೇ ಪುಟಗಳಲ್ಲಿ, ಈತನಿಗೆ ಮನೆಗೆ ಹೋಗಲು ಮನಸ್ಸಿಲ್ಲ, ಮನೆಯಲ್ಲಿ ಏನೋ ಆಗಿದೆ ಎಂಬ ಕಳವಳ ನಮ್ಮೊಳಗೆ ಇಳಿದಿರುತ್ತದೆ. ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದದ ಮೂಲಕ ಈ ಪುಟ್ಟ ಕಾದಂಬರಿ ಅಮೆರಿಕದ ಓದುಗರನ್ನೂ ತಲುಪಿ ಮೆಚ್ಚುಗೆ ಪಡೆಯಿತು. ಹಿಡಿಯಬೇಕೆಂಬ ನಿಯಮ ಹುಟ್ಟಿದ ಮಾರುಕಟ್ಟೆಯಲ್ಲೇ ಈ ಮೆಲುದನಿ ಕೇಳಿಸಿತು ಎನ್ನುವುದು ಗಮನಿಸಬೇಕಾದ ಸಂಗತಿ.

ನಿಧಾನದ ಪರವಾಗಿ ಮಾತಾಡುವಾಗ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ನಿಧಾನ ಬೇರೆ, ಜಡತೆ ಬೇರೆ. ನಾನು ಓದುವ ಹಸ್ತಪ್ರತಿಗಳಲ್ಲಿ ಎಷ್ಟೋ ಕಾದಂಬರಿಗಳು ಕೋಳಿ ಕೂಗುವುದರಿಂದ ಶುರುವಾಗುತ್ತವೆ. ಸೂರ್ಯ ಮೂಡುತ್ತಾನೆ, ಹಕ್ಕಿ ಚಿಲಿಪಿಲಿಗುಟ್ಟುತ್ತದೆ, ನಾಯಕ ಎದ್ದು ಹಲ್ಲುಜ್ಜಿ ಕನ್ನಡಿ ನೋಡಿಕೊಂಡು ತನ್ನ ರೂಪ ವರ್ಣಿಸಿಕೊಳ್ಳುತ್ತಾನೆ. ಇಲ್ಲವೇ ಬಸ್ಸಿನ ಕಿಟಕಿಗೆ ತಲೆಯಾನಿಸಿ ಊರಿನ ಕಡೆ ಹೊರಟಿರುತ್ತಾನೆ, ಹೊರಗೆ ಮಳೆ, ಒಳಗೆ ಹದಿನೈದು ಪುಟಗಳ ಹಳೆಯ ನೆನಪು. ಇವು ನಿಧಾನದ ಆರಂಭಗಳಲ್ಲ, ಲೇಖಕನಿಗೇ ತನ್ನ ಕಥೆ ಎಲ್ಲಿದೆ ಎಂದು ಇನ್ನೂ ಸಿಕ್ಕಿಲ್ಲ ಎಂಬುದರ ಗುರುತು. ಹುಡುಕಾಟದಲ್ಲಿ ತಪ್ಪಿಲ್ಲ, ಹುಡುಕಾಟವನ್ನೇ ಅಚ್ಚಿಗೆ ಕಳಿಸುವುದು ತಪ್ಪು. ‘ಸಂಸ್ಕಾರ’ದ ಸ್ನಾನದ ದೃಶ್ಯದಲ್ಲಿ ಒಂದು ವಿವರವನ್ನೂ ತೆಗೆಯಲು ಆಗುವುದಿಲ್ಲ. ಕೋಳಿ ಕೂಗಿನ ಪುಟವನ್ನು ಪೂರ್ತಿ ಹರಿದು ಹಾಕಿದರೂ ಕಾದಂಬರಿಗೆ ನಷ್ಟವಿಲ್ಲ. ತಮ್ಮದು ಯಾವುದು ಎಂದು ಪರೀಕ್ಷಿಸಲು ಲೇಖಕರಿಗೆ ಇಷ್ಟು ಸಾಕು.

ಈ ಪರೀಕ್ಷೆ ಮಾಡಬೇಕಾದದ್ದು ಕಾದಂಬರಿ ಮುಗಿದ ಮೇಲೆ. ಕೊನೆಯ ಅಧ್ಯಾಯ ಬರೆಯುವ ತನಕ ಯಾವ ಲೇಖಕನಿಗೂ ತನ್ನ ಪುಸ್ತಕದ ದನಿ ಪೂರ್ತಿ ಗೊತ್ತಿರುವುದಿಲ್ಲ, ಗೊತ್ತಿಲ್ಲದ ದನಿಯ ಮೊದಲ ಸ್ವರವನ್ನು ಹುಡುಕುತ್ತಾ ವರ್ಷಗಟ್ಟಲೆ ಕೂತರೆ ಸಿಗುವುದೂ ಇಲ್ಲ. ಏನೋ ಒಂದು ಸಾಲು ಬರೆದು ಮುಂದೆ ಹೋಗಿ. ಮುಗಿಸಿದ ಮೇಲೆ ತಿರುಗಿ ಬಂದರೆ ನಿಜವಾದ ಆರಂಭ ಮೂರನೆಯ ಪುಟದಲ್ಲೋ ಎರಡನೆಯ ಅಧ್ಯಾಯದಲ್ಲೋ ಕೂತಿರುವುದು ಕಾಣುತ್ತದೆ. ಅದನ್ನು ಎತ್ತಿ ಮುಂದೆ ಇಟ್ಟರಾಯಿತು.

ಓದುಗರ ಪಾಲೂ ಇದರಲ್ಲಿದೆ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಬಾಗಿಲಲ್ಲೇ ಓದುಗರಿಗೆ ಒಂದು ಸಣ್ಣ ಮಾತು ಬರೆದಿಟ್ಟಿದ್ದಾರೆ. ಇಲ್ಲಿ ಯಾವುದನ್ನೂ ಕೀಳೆಂದು ನೋಡಬೇಡ, ಓಡಬೇಡ ಎಂಬ ಅರ್ಥ ಅದರಲ್ಲಿದೆ. ಆಮೇಲೆ ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಮಲೆನಾಡಿನ ದಾರಿಯಲ್ಲಿ ನಡೆಯಲು ಬಿಡುತ್ತಾರೆ. ಆ ಇಬ್ಬರ ಹಿಂದೆ ನಡೆಯುವ ತಾಳ್ಮೆ ಇದ್ದವರಿಗೆ ಒಂದಿಡೀ ಕಾಲದ ಮಲೆನಾಡು ತೆರೆದುಕೊಳ್ಳುತ್ತದೆ. ಈಗಿನವರಿಗೆ ಅಷ್ಟು ತಾಳ್ಮೆ ಎಲ್ಲಿದೆ ಎನ್ನುವವರಿಗೆ ಒಂದು ಸಂಗತಿ ನೆನಪಿಸುತ್ತೇನೆ. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದೇ ಕಾದಂಬರಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ ನಾಟಕವಾಯಿತು. ಸುಮಾರು ಒಂಬತ್ತು ಗಂಟೆಗಳ, ರಾತ್ರಿಯಿಡೀ ನಡೆಯುವ ನಾಟಕ. ಕಂಬಳಿ ಹೊದ್ದು, ಮಕ್ಕಳನ್ನು ತೊ‌ಡೆಯ ಮೇಲೆ ಮಲಗಿಸಿಕೊಂಡು, ಜನ ಬೆಳಗಿನ ತನಕ ಕೂತು ನೋಡಿದರು. ಅವರಲ್ಲಿ ಕಾಲೇಜಿನ ಹುಡುಗರೂ ಐಟಿ ಕಂಪನಿಗಳ ನೌಕರರೂ ಇದ್ದರು.

ನಿಮ್ಮ ಮನೆಯ ಕಪಾಟಿನಲ್ಲೂ ಹತ್ತನೆಯ ಪುಟದಲ್ಲಿ ಗುರುತಿನ ಚೀಟಿ ಇಟ್ಟು ಬಿಟ್ಟುಬಿಟ್ಟ ಒಂದು ಕಾದಂಬರಿ ಇರಬಹುದು. ಈ ವಾರ ಅದನ್ನು ಹೊರಗೆ ತೆಗೆಯಿರಿ. ಮೊದಲಿನಿಂದ, ಸಾಧ್ಯವಾದರೆ ಗಟ್ಟಿಯಾಗಿ, ಐವತ್ತು ಪುಟ ಓದಿ. ಅಷ್ಟಾದರೂ ಹಿಡಿಸದಿದ್ದರೆ ಬೇರೆಯವರಿಗೆ ಕೊಟ್ಟುಬಿಡಿ. ಆದರೆ ಮೊದಲ ಸಾಲನ್ನು ಮಾತ್ರ ನೋಡಿ ಪುಸ್ತಕ ಮುಚ್ಚಬೇಡಿ.